ವರ್ಷ ಬಿಡುವ ಮಾತು

ಹೋದ ತಿಂಗಳು ಕೆಲಸದ ಮೇಲೆ ಗಂಗಾವತಿಗೆ ಹೋಗಿದ್ದೆ. ಬಸ್ಸು ಊರಂಚಿನ ಅಕ್ಕಿ ಗಿರಣಿಗಳನ್ನು ದಾಟುವಾಗ ಸಣ್ಣಗೆ ಮಳೆ ಹನಿಯುತ್ತಿತ್ತು. ಕಿಟಕಿ ಎಳೆಯಲು ಕೈ ಎತ್ತಿದೆ, ಅಷ್ಟರಲ್ಲಿ ಬೆಂದ ಭತ್ತದ ವಾಸನೆ ಒಳಗೆ ನುಗ್ಗಿತು. ಬಿಸಿಯಾದ, ತುಸು ಹುಳಿಯಾದ, ತೊಯ್ದ ಹೊಟ್ಟಿನ ಆ ವಾಸನೆ ಎಷ್ಟೋ ಜನರಿಗೆ ಹಸಿವು ತರಿಸಬಹುದು. ನನಗೆ ಮಾತ್ರ ಅದು ಅಣ್ಣನ ರೂಮಿನ ವಾಸನೆ. ಪಕ್ಕದಲ್ಲಿ ಕುಳಿತಿದ್ದ ಹೆಂಗಸು, "ಕಿಟಕಿ ಹಾಕ್ರಿ ಅಕ್ಕಾರ, ಮಳಿ ಒಳಗ ಬರಾಕತ್ತೈತಿ" ಎಂದಾಗಲೇ ನನಗೆ ಎಚ್ಚರವಾದದ್ದು. ಆಗಲೇ ನನ್ನ ತೋಳು ಪೂರ್ತಿ ತೊಯ್ದಿತ್ತು.

ಆ ಬೇಸಿಗೆಯಲ್ಲಿ ನಾನು ಎರಡನೇ ಪಿಯುಸಿ ಮುಗಿಸಿದ್ದೆ. ನಮ್ಮೂರು ಕುಷ್ಟಗಿ. ಅಪ್ಪ ದನದ ದವಾಖಾನೆಯಲ್ಲಿ ಕಾಂಪೌಂಡರ್. ಡಾಕ್ಟರ್ ಸಾಹೇಬರ ಜೊತೆ ಹಳ್ಳಿಹಳ್ಳಿಗೆ ಹೋಗಿ ಕುರಿಗಳಿಗೆ ಚುಚ್ಚುಮದ್ದು ಹಾಕಿಸುವುದು ಅವನ ಕೆಲಸ. ಅಣ್ಣ ಮಂಜುನಾಥ ಸಣ್ಣವನಿದ್ದಾಗ ಅಪ್ಪನ ಬೈಕಿನ ಹಿಂದೆ ಕುಳಿತು ಹೋಗಿ ಹೆದರದೆ ಕುರಿಮರಿ ಅವಚಿ ಹಿಡಿಯುತ್ತಿದ್ದನಂತೆ. ಅದನ್ನು ನೋಡಿ ಆ ಸಾಹೇಬರು, "ಇವ ಡಾಕ್ಟರ್ ಆಗ್ತಾನ ನೋಡ್ರಿ, ಮನುಷ್ಯಾರ ಡಾಕ್ಟರ್" ಎಂದಿದ್ದರು. ಅವತ್ತಿನಿಂದ ಅವನು ನಮ್ಮ ಓಣಿಗೆಲ್ಲ ಡಾಕ್ಟರ್. ಹಾಲಿನವಳು, ಕಿರಾಣಿ ಅಂಗಡಿಯವನು, ಎದುರು ಮನೆಯ ಮಕ್ಕಳು, ಎಲ್ಲರೂ ಹಾಗೇ ಕರೆಯುತ್ತಿದ್ದರು. ಅವನಿಗೂ ಅದು ಇಷ್ಟವಿತ್ತು, ಮೊದಮೊದಲು.

ಪಿಯುಸಿ ಆದಮೇಲೆ ನೀಟ್ ಪರೀಕ್ಷೆ ಬರೆದ. ಸೀಟು ಸಿಗಲಿಲ್ಲ. ಬೇರೆ ಯಾವ ಕಾಲೇಜೂ ಸೇರದೆ ಒಂದು ವರ್ಷ ಬಿಟ್ಟು ಓದುತ್ತೇನೆ ಎಂದು ಗಂಗಾವತಿಗೆ ಹೋಗಿ ರೂಮು ಮಾಡಿ ಕೋಚಿಂಗ್ ಸೇರಿದ. ಮತ್ತೆ ಬರೆದ, ಮತ್ತೆ ಸಿಗಲಿಲ್ಲ. ಮತ್ತೊಂದು ವರ್ಷ ಬಿಟ್ಟ. ಅವನು ಮೂರನೇ ಸಲ ಬರೆದ ಪರೀಕ್ಷೆಯನ್ನೇ ನಾನು ಮೊದಲ ಸಲ ಬರೆದೆ. ನನ್ನ ಪರೀಕ್ಷೆಯ ಬಗ್ಗೆ ಮನೆಯಲ್ಲಿ ಯಾರಿಗೂ ಅಂಥ ಚಿಂತೆಯಿರಲಿಲ್ಲ. ಪರೀಕ್ಷೆಯ ದಿನ ಅವ್ವ ದೇವರ ಮುಂದೆ ಹಚ್ಚಿದ ದೀಪವೂ ಅವನ ಹೆಸರಿನದೇ ಆಗಿತ್ತು. ನನಗೂ ಅದು ಸರಿಯೆಂದೇ ಅನಿಸಿತ್ತು.

ರಿಸಲ್ಟ್ ಬಂದ ದಿನ ಕರೆಂಟು ಹೋಗಿತ್ತು. ಸೆಖೆಗೆ ಬಾಗಿಲು ತೆರೆದಿಟ್ಟು ಅವ್ವ ರೊಟ್ಟಿ ಬಡಿಯುತ್ತಿದ್ದಳು. ನಮ್ಮ ಕಾಲೇಜಿನಲ್ಲಿ ಜೀವಶಾಸ್ತ್ರ ಕಲಿಸುತ್ತಿದ್ದ ಖಾಜಾ ಸರ್ ಫೋನ್ ಮಾಡಿ ನನ್ನ ಅಂಕ ಹೇಳಿದರು. ಮೊದಲ ಸಲಕ್ಕೆ ಇಷ್ಟು ಯಾರಿಗೂ ಬಂದಿಲ್ಲ ಎಂದರು. ಸರ್ಕಾರಿ ಸೀಟಿಗೆ ತುಸು ಕಡಿಮೆ, ಆದರೂ ಹತ್ತಿರ. ಅಪ್ಪ ಕೂಡಲೇ ಅಣ್ಣನಿಗೆ ಫೋನ್ ಹಚ್ಚಿದ. ಅಣ್ಣ ತನ್ನದನ್ನು ಹೇಳದೆ, "ಸುನಂದಾಗ ಎಷ್ಟು ಬಂತು?" ಎಂದು ಕೇಳಿದ. ನಾನೇ ಹೇಳಿದೆ. ಆ ಕಡೆ ಗಿರಣಿಯ ಸದ್ದು ಕೇಳಿಸುತ್ತಿತ್ತು.

"ಛಲೋ ಆತು ಬಿಡು," ಎಂದ ಅಣ್ಣ. ಆಮೇಲೆ ಫೋನ್ ಕಟ್ಟಾಯಿತು.

ಅವನ ಅಂಕವನ್ನು ಖಾಜಾ ಸರೇ ನೋಡಿ ಹೇಳಬೇಕಾಯಿತು. ಮೂರು ಸಲ ಬರೆದ ಅಣ್ಣನಿಗಿಂತ ಒಂದೇ ಸಲ ಬರೆದ ನನಗೆ ಹೆಚ್ಚು ಬಂದಿತ್ತು. ಅವನ ಹಿಂದಿನ ವರ್ಷದ ಅಂಕಕ್ಕಿಂತಲೂ ಈ ವರ್ಷದ್ದು ಕಡಿಮೆಯಿತ್ತು. ಹಂಚಿನ ಮೇಲಿನ ರೊಟ್ಟಿ ಹೊತ್ತಿ ಹೊಗೆ ಎದ್ದರೂ ಅವ್ವ ಅದನ್ನು ತೆಗೆಯಲಿಲ್ಲ. ಅಪ್ಪ ನನ್ನ ತಲೆಯ ಮೇಲೆ ಕೈಯಿಡಲು ಬಂದವನು, ಯಾರೋ ಬೈದರೆಂಬಂತೆ ಕೈ ಹಿಂದಕ್ಕೆ ತೆಗೆದುಕೊಂಡು ಹೊರಗೆ ಹೋದ.

ಮರುದಿನ ಅಣ್ಣನನ್ನು ಕರೆತರಲು ಅಪ್ಪನ ಜೊತೆ ನಾನೂ ಗಂಗಾವತಿಗೆ ಹೋದೆ. ಕನಕಗಿರಿ ದಾಟಿದ ಮೇಲೆ ಕೆಂಪು ಹೊಲಗಳು ಮುಗಿದು ಗದ್ದೆಗಳು ಶುರುವಾಗುತ್ತವೆ. ಆಗಿನ್ನೂ ಕಾಲುವೆಗೆ ನೀರು ಬಿಟ್ಟಿರಲಿಲ್ಲ. ಗದ್ದೆಗಳೆಲ್ಲ ಬಿರಿದು ಬಣಗುಟ್ಟುತ್ತಿದ್ದವು. ಅಣ್ಣನ ರೂಮು ಒಂದು ಗಿರಣಿಯ ಹಿಂದಿನ ಸಂದಿಯಲ್ಲಿ, ಮಹಡಿಯ ಮೇಲೆ. ಕಿಟಕಿ ತೆರೆದರೆ ಗಿರಣಿಯ ಹಬೆ ನೇರ ಒಳಗೆ. ಅವನು ಸ್ನಾನ ಮಾಡಿ, ತಲೆ ಬಾಚಿ, ಮಂಚದ ಮೇಲೆ ಕುಳಿತು ನಮ್ಮ ದಾರಿ ನೋಡುತ್ತಿದ್ದ. ಬಟ್ಟೆ ಆಗಲೇ ಬ್ಯಾಗಿಗೆ ತುಂಬಿದ್ದ. ಪುಸ್ತಕಗಳನ್ನು ಮಾತ್ರ ಗೋಡೆಯ ಬದಿಗೆ ಸೊಂಟದೆತ್ತರ ಪೇರಿಸಿಟ್ಟಿದ್ದ.

"ಪುಸ್ತಕ ಏನ್ ಮಾಡೂದು?" ಎಂದ ಅಪ್ಪ.

"ಒಯ್ಯೂಣು. ಸುನಂದಾಗ ಬೇಕಾಗ್ತಾವು."

ನಾನು ವರ್ಷ ಬಿಡುವ ಮಾತು ನಮ್ಮ ಮನೆಯಲ್ಲಿ ಹುಟ್ಟಿದ್ದು ಆಗಲೇ. ಅಪ್ಪ ಅವನ ಮುಖ ನೋಡಿದ, ಆಮೇಲೆ ನನ್ನ ಮುಖ ನೋಡಿದ. ಟ್ರಂಕಿಗೆ ಪುಸ್ತಕ ತುಂಬಲು ಕುಳಿತ.

ಅದಾದ ವಾರಕ್ಕೆ ಮಳೆ ಹಿಡಿಯಿತು. ಒಣಬೇಸಾಯದ ನಮ್ಮ ಕಡೆ ಅಂಥ ಮುಂಗಾರು ಅಪರೂಪ. ಊರ ಸುತ್ತ ಹೆಸರು, ಸಜ್ಜೆ ಬಿತ್ತನೆ ಜೋರಾಗಿ ನಡೆದಿತ್ತು. ಎಲ್ಲರ ಮುಖದಲ್ಲೂ ಗೆಲುವು. ಹಾಲಿನವಳು, "ಈ ವರ್ಷ ಎಲ್ಲಾ ಛಲೋ ಆಗ್ತೈತಿ ನೋಡ್ಯವ್ವಾ" ಎನ್ನುತ್ತ ಬರುತ್ತಿದ್ದಳು. ನಮ್ಮ ಮನೆಯೊಳಗೆ ಮಾತ್ರ ಎಲ್ಲರೂ ಮೆತ್ತಗೆ ಹೆಜ್ಜೆಯಿಡುತ್ತಿದ್ದೆವು. ಅಣ್ಣ ಹೊರಗೆ ಹೋಗುವುದನ್ನು ನಿಲ್ಲಿಸಿದ್ದ. ಗಡ್ಡ ಬೆಳೆಯಿತು. ಎದುರು ಮನೆಯ ಹುಡುಗಿಯೊಬ್ಬಳು ಬಾಗಿಲಲ್ಲಿ ನಿಂತು, "ಡಾಕ್ಟರ್ ಮಾಮಾ, ನನ್ನ ಬೊಂಬಿಗೆ ಜ್ವರ ಬಂದಾವು" ಎಂದಳು. ಮೊದಲಾಗಿದ್ದರೆ ಬೊಂಬೆಯ ನಾಡಿ ಹಿಡಿದು ನೋಡುತ್ತಿದ್ದವನು ಎದ್ದು ಒಳಗೆ ಹೋದ. ಅವಳು ಸ್ವಲ್ಪ ಹೊತ್ತು ಅಲ್ಲೇ ನಿಂತು ಬೊಂಬೆ ಎತ್ತಿಕೊಂಡು ಹೋದಳು.

ಒಂದು ಸಂಜೆ ಖಾಜಾ ಸರ್ ಕೊಡೆ ಹಿಡಿದು ಮನೆಗೇ ಬಂದರು. ಅವರು ಮೆತ್ತಗಿನ ಮನುಷ್ಯ, ಕ್ಲಾಸಿನಲ್ಲಿಯೂ ದನಿ ಎತ್ತಿದ್ದನ್ನು ನಾನು ಕೇಳಿಲ್ಲ. ಅಪ್ಪನ ಎದುರು ಕುರ್ಚಿಯ ತುದಿಯಲ್ಲಿ ಕುಳಿತರು.

"ನೋಡ್ರಿ, ಸೀಟು ಹಂಚುವ ಸುತ್ತುಗಳು ಇನ್ನೂ ಅದಾವು. ಕಡೀ ಸುತ್ತಿನಾಗ ಸಿಕ್ಕರೂ ಸಿಗಬಹುದು, ಆದ್ರ ಅದನ್ನ ನಂಬಿ ಕೂಡಾಕ ಬರೂದಿಲ್ಲ. ಈಕಿ ಒಂದು ವರ್ಷ ಬಿಟ್ಟು ಓದಿದ್ರ ಸರ್ಕಾರಿ ಸೀಟು ಬರ್ತೈತ್ರಿ. ನನಗ ಅನುಮಾನಿಲ್ಲ."

ಚಹಾ ತಂದಿಟ್ಟ ಅವ್ವ ಅಲ್ಲೇ ನಿಂತಳು. ಗಂಡಸರ ಮಾತಿನ ನಡುವೆ ಅವಳು ಬಾಯಿ ಹಾಕಿದವಳಲ್ಲ.

"ಇವನಿಗೂ ಒಂದು ವರ್ಷ ಅಂತ ಹೇಳಿದ್ರಲ್ರೀ ಸರ," ಎಂದಳು. "ನೀವಲ್ಲ, ಬ್ಯಾರೆಯವರು ಹೇಳಿದ್ರು. ಅವರೂ ನಿಮ್ಮಂಗ ಛಲೋ ಮಂದೀನ."

ಸರ್ ಏನೋ ಹೇಳಲು ಬಾಯಿ ತೆರೆದರು. ಒಳಕೋಣೆಯ ಪರದೆಯ ಕೆಳಗೆ ಅಣ್ಣನ ಕಾಲುಗಳು ಕಾಣುತ್ತಿದ್ದವು. ಸರ್ ಅದನ್ನು ನೋಡಿ ಚಹಾದ ಲೋಟ ಎತ್ತಿಕೊಂಡರು. ಚಹಾ ಕುಡಿದು, ನನ್ನತ್ತ ತಿರುಗಿ, "ನೀನೂ ವಿಚಾರ ಮಾಡವ್ವಾ" ಎಂದು ಕೊಡೆ ಬಿಚ್ಚಿದರು.

ನಾನು ವಿಚಾರ ಮಾಡಿದೆ. ಮಾಡದೆ ಇದ್ದ ಗಳಿಗೆಯೇ ಇರಲಿಲ್ಲ. ಬಟ್ಟೆ ಒಗೆಯುವಾಗ, ನೀರು ಹೊರುವಾಗ ತಲೆಯಲ್ಲಿ ಅದೇ. ನನಗೆ ಡಾಕ್ಟರ್ ಆಗುವ ಆಸೆಯಿತ್ತೇ ಎಂದು ಅದುವರೆಗೆ ನನ್ನನ್ನು ಯಾರೂ ಕೇಳಿರಲಿಲ್ಲ. ಅಂಕ ಬಂದಮೇಲೆ ಗೊತ್ತಾಯಿತು, ಇತ್ತು. ಬಹಳ ಇತ್ತು. ಅಣ್ಣನ ಆಸೆಯ ಹಿಂದೆ ಅದು ಅಡಗಿ ಕುಳಿತಿತ್ತು. ಟ್ರಂಕಿನಿಂದ ಅವನ ಪುಸ್ತಕ ತೆಗೆದು ನೋಡುತ್ತಿದ್ದೆ. ಒಂದೊಂದು ಸಾಲಿನ ಕೆಳಗೂ ಮೂರು ಬಣ್ಣದ ಗೆರೆಗಳು, ವರ್ಷಕ್ಕೊಂದು ಬಣ್ಣ. ಕೆಲವು ಪುಟಗಳಲ್ಲಿ ಗೆರೆಯಿಲ್ಲದ ಸಾಲೇ ಇರಲಿಲ್ಲ. ಇಷ್ಟು ಓದಿದವನಿಗೆ ಆಗದ್ದು ನನಗೆ ಹೇಗಾದೀತು ಎಂದು ಪುಸ್ತಕ ಮುಚ್ಚಿಡುತ್ತಿದ್ದೆ, ಮತ್ತೆ ತೆಗೆಯುತ್ತಿದ್ದೆ.

ಆ ದಿನಗಳಲ್ಲೇ ಇನ್ನೊಂದು ಸಂಗತಿ ಕಣ್ಣಿಗೆ ಬಿತ್ತು. ಅಪ್ಪ ದವಾಖಾನೆಯ ಔಷಧಿ ಚೀಲವನ್ನು ಪಡಸಾಲೆಯ ಗೂಟಕ್ಕೆ ತೂಗುಹಾಕುತ್ತಿದ್ದ. ನಾನು ಹುಟ್ಟಿದಾಗಿನಿಂದ ಅದು ಅಲ್ಲಿತ್ತು. ಈಗ ಗೂಟ ಖಾಲಿ. "ಚೀಲ ಎಲ್ಲೈತಪಾ?" ಎಂದೆ. "ದವಾಖಾನ್ಯಾಗ ಇಟ್ಟು ಬರ್ತೀನವ್ವಾ, ಹೊತ್ತು ಹೊತ್ತು ಬೆನ್ನು ನೋಯತೈತಿ" ಎಂದು ಅಪ್ಪ ನನ್ನ ಕಣ್ಣು ತಪ್ಪಿಸಿದ. ಅವ್ವ ಈಗ ಅಣ್ಣನ ಕೋಣೆಯ ಹೊಸ್ತಿಲಲ್ಲೇ ಚಾಪೆ ಹಾಸಿ ಮಲಗುತ್ತಿದ್ದಳು, ಒಳಗೆ ಸೆಖೆ ಎನ್ನುತ್ತಿದ್ದಳು. ಹೊರಗೆ ಧೋ ಎಂದು ಮಳೆ ಸುರಿಯುತ್ತಿತ್ತು. ಅವರಿಬ್ಬರೂ ಬಾಯಿಬಿಟ್ಟು ಹೇಳದೆ ಏನಕ್ಕೆ ಹೆದರಿ ಅಣ್ಣನನ್ನು ಕಾಯುತ್ತಿದ್ದಾರೆಂದು ನನಗೆ ಆಗ ಅರ್ಥವಾಯಿತು.

ಒಂದು ಸಂಜೆ ಮಳೆ ಬಿಟ್ಟಿತ್ತು. ಅಣ್ಣ ಮಾಳಿಗೆಯ ಮೇಲೆ ಒಬ್ಬನೇ ಕುಳಿತಿದ್ದ. ಹೋಗಿ ಪಕ್ಕದಲ್ಲಿ ಕುಳಿತೆ.

"ಅಣ್ಣಾ, ವರ್ಷ ಬಿಟ್ರ ಹೆಂಗಿರ್ತೈತಿ?"

ಅವನು ಉತ್ತರ ಕೊಡುವುದಿಲ್ಲ ಎಂದುಕೊಂಡಿದ್ದೆ. ಕೊಟ್ಟ.

"ಮೊದಲನೇ ವರ್ಷ ಏನೂ ಅನಸೂದಿಲ್ಲ. ಎಲ್ಲಾರೂ ಫೋನ್ ಮಾಡಿ ಓದಪಾ, ಓದಪಾ ಅಂತಾರ. ಎರಡನೇ ವರ್ಷ ಅವರು ಮಾಡೂದು ಬಿಡ್ತಾರ. ಆಮ್ಯಾಲೆ ಯಾರರ ಮಾಡಿದ್ರೂ ನೀನ ಎತ್ತೂದು ಬಿಡ್ತಿ."

"ಪಾಠ?"

"ಪಾಠ ಅದ ಇರ್ತಾವು. ಫಿಜಿಕ್ಸ್ ಸರ್ ಪ್ರತಿ ವರ್ಷ ಅದ ಜಾಗಾದಾಗ ಅದ ಜೋಕು ಹೇಳ್ತಿದ್ರು. ಹೊಸಾ ಹುಡುಗ್ರು ನಗತಿದ್ರು. ಅದು ಬರಾಕ ಮುಂಚೇನ ನನಗ ಗೊತ್ತಾಗತಿತ್ತು. ನಗಬೇಕೋ ಬ್ಯಾಡೋ ತಿಳೀತಿರಲಿಲ್ಲ." ಮತ್ತೆ ಅವನೇ ಅಂದ: "ಆದ್ರ ನೀ ವರ್ಷ ಬಿಡು. ನಿನಗ ಸೀಟು ಬರ್ತೈತಿ."

"ನಿನಗೂ ಬರ್ತೈತಿ ಅಂತಿದ್ರು ಎಲ್ಲಾರೂ."

"ಅವರ ಮಾತು ಬ್ಯಾರೆ. ನಾ ಬರದು ಸೋತಾಂವ ಹೇಳಾಕತ್ತೀನಿ. ನಿನ್ನ ತಲಿ ಬ್ಯಾರೆ, ನನ್ನ ತಲಿ ಬ್ಯಾರೆ. ನೀ ಆದ್ರ..." ಎಂದು ನಿಲ್ಲಿಸಿ, "ಮನ್ಯಾಗ ಒಬ್ಬರರ ಆದಂಗ ಆಗ್ತೈತಿ" ಎಂದ.

ಅವತ್ತು ನಾನು ಗಟ್ಟಿ ಮನಸ್ಸು ಮಾಡಿದೆ. ವರ್ಷ ಬಿಡುತ್ತೇನೆಂದು ಮರುದಿನ ಅಪ್ಪನಿಗೆ ಹೇಳಿದೆ. ಅಪ್ಪ ಅವ್ವನ ಕಡೆ ನೋಡಿದ. ಅವ್ವ, "ನಿಮ್ಮ ಮನಸ್ಸಿಗೆ ಬಂದಂಗ ಮಾಡ್ರಿ" ಎಂದಷ್ಟೇ ಹೇಳಿ ಒಲೆಯ ಕಡೆ ತಿರುಗಿದಳು.

ಗಂಗಾವತಿಯ ಕೋಚಿಂಗ್‌ನಲ್ಲಿ ಮತ್ತೆ ಬರೆಯುವವರ ಬ್ಯಾಚ್ ಶುರುವಾಗುವ ಮುಂಚಿನ ದಿನ ಅಪ್ಪ ನನ್ನನ್ನು ಕರೆದುಕೊಂಡು ಹೋದ. ಈಗ ಕಾಲುವೆಗೆ ನೀರು ಬಂದಿತ್ತು. ಗದ್ದೆಗಳಲ್ಲಿ ಹೆಣ್ಣುಮಕ್ಕಳು ಸಾಲಾಗಿ ಬಗ್ಗಿ ನಾಟಿ ಮಾಡುತ್ತಿದ್ದರು. ಆಫೀಸಿನಲ್ಲಿ ನಮ್ಮನ್ನು ಕಾಯಲು ಹೇಳಿದರು. ಗಾಜಿನ ಆಚೆ ಉದ್ದನೆಯ ಕೋಣೆಯಲ್ಲಿ ಬೇರೆ ಬ್ಯಾಚಿನ ಹುಡುಗ ಹುಡುಗಿಯರು ಒತ್ತಿಕೊಂಡು ಕುಳಿತು ಏನನ್ನೋ ಬರೆದುಕೊಳ್ಳುತ್ತಿದ್ದರು. ಯಾರೂ ತಲೆ ಎತ್ತಿ ನೋಡಲಿಲ್ಲ. ಅಪ್ಪ ಅವರನ್ನೇ ನೋಡುತ್ತಿದ್ದ. ಅಣ್ಣ ಯಾವ ಬೆಂಚಿನಲ್ಲಿ ಕುಳಿತಿರಬಹುದು ಎಂದು ಹುಡುಕುತ್ತಿದ್ದನೋ ಏನೋ. ನಮ್ಮ ಹೆಸರು ಕರೆದರು. ಎದ್ದು ನಿಂತೆವು. ಅಷ್ಟರಲ್ಲಿ ಅಪ್ಪನ ಫೋನ್ ರಿಂಗಾಯಿತು.

ಅವ್ವನ ದನಿ ನನಗೂ ಕೇಳಿಸಿತು. "ಮಂಜ್ಯಾ ಮನ್ಯಾಗ ಇಲ್ರೀ. ನಾ ಹಿಟ್ಟು ಬೀಸಿಕೊಂಡು ಬರೂದರಾಗ ಎದ್ದು ಹೋಗ್ಯಾನ. ಫೋನ್ ಇಲ್ಲೇ ಬಿಟ್ಟಾನ. ಲಗೂ ಬರ್ರೀ."

ಅಪ್ಪ ಯಾರಿಗೂ ಏನೂ ಹೇಳದೆ ಹೊರಗೆ ನಡೆದ. ನಾನು ಅವನ ಹಿಂದೆ ಓಡಿದೆ. ವಾಪಸ್ ಬಸ್ಸಿನಲ್ಲಿ ಅಪ್ಪ ಮುಂದಿನ ಸೀಟಿನ ಸರಳು ಹಿಡಿದು ದಾರಿಯುದ್ದಕ್ಕೂ ನಿಂತೇ ಇದ್ದ, ಕೂಡಲು ಜಾಗವಿದ್ದರೂ. ಖಾಜಾ ಸರ್‌ಗೆ ಫೋನ್ ಮಾಡಿದೆ. ಅವರು ಬೈಕ್ ತೆಗೆದುಕೊಂಡು ಕೆರೆಯ ಕಡೆ ಹೊರಟರು. ಅಲ್ಲಿಗೇ ಏಕೆ ಹೊರಟರೆಂದು ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ತಾವರಗೇರಾದಲ್ಲಿ ಬಸ್ಸು ಚಹಾಕ್ಕೆ ನಿಂತಾಗ ಅಪ್ಪ ಡ್ರೈವರನಿಗೆ ಕೈಮುಗಿದು, "ಲಗೂ ಬಿಡಪಾ, ಮನ್ಯಾಗ ಅಡಚಣಿ ಆಗೈತಿ" ಎಂದ. ಅವನು ಅರ್ಧ ಕುಡಿದ ಚಹಾ ಚೆಲ್ಲಿ ಬಸ್ಸು ಹತ್ತಿದ. ಜೋರು ಮಳೆ. ಗಾಜಿನ ಆಚೆ ಏನೂ ಕಾಣುತ್ತಿರಲಿಲ್ಲ. ನಾನು ದೇವರಿಗೆ ಏನೇನು ಬಿಟ್ಟುಕೊಡುತ್ತೇನೆಂದು ಬೇಡಿಕೊಂಡೆನೋ ಎಲ್ಲ ನೆನಪಿಲ್ಲ. ಒಂದು ಮಾತ್ರ ನೆನಪಿದೆ. ವರ್ಷ, ಸೀಟು, ಏನೂ ಬೇಡ ಎಂದಿದ್ದೆ.

ಕುಷ್ಟಗಿ ಬಸ್ ಸ್ಟ್ಯಾಂಡಿನಲ್ಲಿ ಇಳಿದೆವು. ಅಣ್ಣ ಅಲ್ಲೇ ಇದ್ದ. ಕೊನೆಯ ಬೆಂಚಿನ ಮೇಲೆ, ಕೈಗಳನ್ನು ತೊಡೆಯ ನಡುವೆ ಇಟ್ಟುಕೊಂಡು ಕುಳಿತಿದ್ದ. ಅಂಗಿ ತೊಯ್ದು ಮೈಗಂಟಿತ್ತು. ಅಪ್ಪ ಹೋಗಿ ಅವನ ಎದುರು ನಿಂತ.

"ಎಲ್ಲಿಗಿ ಹೊಂಟಿದ್ದ್ಯೋ ತಮ್ಮಾ?"

"ಗೊತ್ತಿಲ್ಲಪಾ. ಎಲ್ಲಿಗರ ಹೋಗೂಣಂತ ಬಂದೆ. ಹೊಸಪೇಟಿ ಬಸ್ ಬಂತು, ಹೋತು. ಇಳಕಲ್ ಬಸ್ ಬಂತು, ಹೋತು. ಯಾವುದು ಹತ್ತಬೇಕು ತಿಳೀಲಿಲ್ಲ."

ಅಪ್ಪ ಅವನನ್ನು ಬೈಯಲಿಲ್ಲ. ಸ್ಟ್ಯಾಂಡಿನ ಹೋಟೆಲಿಗೆ ಕರೆದುಕೊಂಡು ಹೋಗಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ತರಿಸಿ ಅವನ ಮುಂದಿಟ್ಟ. ಅಣ್ಣ ತಲೆ ಬಗ್ಗಿಸಿ ಗಬಗಬ ತಿಂದ. ಅಪ್ಪ ಎದುರಿಗೆ ಕುಳಿತು ಟವೆಲಿನಿಂದ ಮುಖ ಮುಚ್ಚಿಕೊಂಡ. ಅಪ್ಪ ಅಳುವುದನ್ನು ನಾನು ಮೊದಲ ಸಲ ನೋಡಿದ್ದು ಆಗ.

ಮರುದಿನ ಬೆಳಿಗ್ಗೆ ಎಲ್ಲರೂ ಊಟಕ್ಕೆ ಕುಳಿತಾಗ ಹೇಳಿದೆ. "ನಾ ವರ್ಷ ಬಿಡೂದಿಲ್ಲ. ಕೊಪ್ಪಳದಾಗ ನರ್ಸಿಂಗ್ ಸೇರ್ತೀನಿ."

ಅವ್ವ ಬಡಿಸುವುದನ್ನು ಬಿಟ್ಟು ನನ್ನ ಕಡೆ ತಿರುಗಿದಳು. ಅವಳ ಮುಖದ ಮೇಲೆ ಅವತ್ತು ಕಂಡ ನೆಮ್ಮದಿಯನ್ನು ನಾನು ಮರೆತಿಲ್ಲ. ಹೆತ್ತವಳಿಗೆ ಅದು ಸಹಜ. ಆದರೂ ಅದನ್ನು ನೋಡಿ, ನನಗಾಗಿ ಒಂದು ಗಳಿಗೆಯಾದರೂ ಕೆಡುಕೆನಿಸಬಾರದಿತ್ತೇ ಇವಳಿಗೆ ಎಂದುಕೊಂಡೆ.

ಅಣ್ಣ ತಟ್ಟೆ ಪಕ್ಕಕ್ಕೆ ಸರಿಸಿದ. "ಯಾಕ?"

"ನನಗ ಬ್ಯಾಡಾಗೈತಿ."

"ಸುಳ್ಳು ಹೇಳಬ್ಯಾಡ. ನಿನ್ನೆ ನಾ ಎದ್ದು ಹೋಗಿದ್ದಕ್ಕ ಬಿಡಾಕತ್ತಿ. ನನ್ನ ವರ್ಷ ಹೋದ್ವು. ನಿಂದೊಂದು ಉಳದಿತ್ತು. ಅದನ್ನೂ ನನ್ನ ಕೊರಳಿಗೆ ಕಟ್ಟಿದಿ. ಇನ್ನ ನಾ ಸಾಯೂತನಕ ನಿನ್ನ ಮಾರಿ ನೋಡಬೇಕಲ್ಲ, ಹೆಂಗ ನೋಡ್ಲಿ ಹೇಳು?"

ಅವನು ಎದ್ದು ಒಳಗೆ ಹೋದ. ಸ್ವಲ್ಪ ಹೊತ್ತಿಗೆ ಟ್ರಂಕು ತೆರೆದ ಸದ್ದಾಯಿತು. ಪುಸ್ತಕಗಳನ್ನು ಎದೆಗವಚಿಕೊಂಡು ಬಂದು ಬಚ್ಚಲ ಒಲೆಯ ಮುಂದೆ ಕುಳಿತ. ಮಳೆಗಾಲದ ಹಸಿ ಸೌದೆ ಹೊತ್ತುತ್ತಿರಲಿಲ್ಲ. ಅವನು ಒಂದೊಂದೇ ಹಾಳೆ ಹರಿದು ಒಲೆಗೆ ಹಾಕತೊಡಗಿದ. ಅವ್ವ ಬಾಗಿಲಲ್ಲಿ ನಿಂತು ನೋಡಿದಳು, ತಡೆಯಲಿಲ್ಲ. ಏನೋ ಒಂದು ಮಾಡುತ್ತಿದ್ದಾನಲ್ಲ ಎಂದು ಅವಳಿಗೆ ಅನಿಸಿರಬೇಕು. ಪುಸ್ತಕಗಳೆಲ್ಲ ಮುಗಿಯುವವರೆಗೆ ದಿನಾ ಬೆಳಿಗ್ಗೆ ಅದೇ ನಡೆಯಿತು. ಆ ನೀರಿನಲ್ಲೇ ನಾವೆಲ್ಲ ಸ್ನಾನ ಮಾಡಿದೆವು.

ಸೀಟು ಹಂಚುವ ಕೊನೆಯ ಸುತ್ತು ಮುಗಿದಾಗ ನಾನು ಕೊಪ್ಪಳದ ಹಾಸ್ಟೆಲಿನಲ್ಲಿದ್ದೆ. ಖಾಜಾ ಸರ್ ಫೋನ್ ಮಾಡಿ, ನನ್ನ ಅಂಕಕ್ಕಿಂತ ತುಸು ಮೇಲೆಯೇ ಬಾಗಿಲು ಮುಚ್ಚಿತು ಎಂದರು. "ಇರಲಿ ಬಿಡವ್ವಾ" ಎಂದರು. ಅವರ ದನಿಯಲ್ಲಿದ್ದ ಬೇಸರ ನನ್ನದಕ್ಕಿಂತ ಹೆಚ್ಚಿತ್ತೋ ಏನೋ. ನಾನು ಅವತ್ತು ಹಾಸ್ಟೆಲಿನ ನಲ್ಲಿಯ ಮುಂದೆ ಬಟ್ಟೆ ಹಿಂಡುತ್ತಿದ್ದೆ. ಹಿಂಡಿ ಮುಗಿಸಿದೆ, ಹರವಿದೆ, ಕ್ಲಾಸಿಗೆ ಹೋದೆ.

ಈಗ ನಾನು ಒಂದು ದವಾಖಾನೆಯಲ್ಲಿ ಸ್ಟಾಫ್ ನರ್ಸ್. ಕೆಲಸ ಚೆನ್ನಾಗಿಯೇ ಮಾಡುತ್ತೇನೆ. ನನ್ನ ವಯಸ್ಸಿನ ಡಾಕ್ಟರಮ್ಮ ರೌಂಡ್ಸಿಗೆ ಬಂದು ರೋಗಿಯ ಎದೆಗೆ ಸ್ಟೆತಸ್ಕೋಪ್ ಇಟ್ಟಾಗ ಕೆಲವೊಮ್ಮೆ ಕಿಟಕಿಯ ಹೊರಗೆ ನೋಡುತ್ತೇನೆ. ಇನ್ನೂ ಅಭ್ಯಾಸವಾಗಿಲ್ಲ. ಅಣ್ಣ ಒಂದು ಬೀಜದ ಕಂಪನಿಯಲ್ಲಿ ಹೊಲಗಳ ಮೇಲ್ವಿಚಾರಣೆ ನೋಡುತ್ತಾನೆ. ಬೆಳಿಗ್ಗೆ ಹೋಗುತ್ತಾನೆ, ಸಂಜೆ ಬರುತ್ತಾನೆ. ಮದುವೆಯ ಮಾತೆತ್ತಿದರೆ ಎದ್ದು ಹೋಗುತ್ತಾನೆ. ನಾನು ಫೋನ್ ಮಾಡಿದರೆ ಹೂಂ, ಉಹೂಂ ಎನ್ನುವಷ್ಟೇ ಮಾತು. ನಾನು ಮನೆ ಬಿಟ್ಟಮೇಲೆ ಅವನು ಚೇತರಿಸಿಕೊಳ್ಳುತ್ತಾನೆ ಎಂದುಕೊಂಡಿದ್ದೆವು. ಹಾಗೇನೂ ಆಗಲಿಲ್ಲ. ನಾನು ಬಿಟ್ಟದ್ದರಿಂದ ಅವನಿಗೆ ಏನೂ ಸಿಗಲಿಲ್ಲ. ನಾನು ವರ್ಷ ಬಿಟ್ಟು ಓದಿದ್ದರೆ ಏನಾಗುತ್ತಿತ್ತೋ, ಅದನ್ನು ಯೋಚಿಸಲು ಹೊರಟರೆ ಕೋಚಿಂಗ್ ಆಫೀಸಿನಲ್ಲಿ ಎದ್ದು ನಿಂತ ಗಳಿಗೆಗೇ ಬಂದು ನಿಲ್ಲುತ್ತೇನೆ. ಮುಂದೆ ಹೋಗಲು ಆಗುವುದಿಲ್ಲ.

ಈ ನಾಗರ ಪಂಚಮಿಗೆ ಊರಿಗೆ ಹೋಗಿದ್ದೆ. ಅವ್ವ ಜೋಳದ ಅರಳು ಬೀಸಿ ಅಳ್ಳಿಟ್ಟು ಮಾಡಿ, ಉಂಡೆ ಕಟ್ಟಿದ್ದಳು. ಸಂಜೆ ಅಣ್ಣ ಕಟ್ಟೆಯ ಮೇಲೆ ಕುಳಿತಿದ್ದ. ಯಾವತ್ತೂ ಇಲ್ಲದ ಧೈರ್ಯ ಅವತ್ತು ಎಲ್ಲಿಂದ ಬಂತೋ.

"ಅಣ್ಣಾ, ಆ ವರ್ಷ ನೀ ಅಂದಿದ್ದು ನನಗ ಇನ್ನೂ ನೆನಪೈತಿ. ನಿನ್ನ ಸಲುವಾಗಿ ಅಲ್ಲ ನಾ ಬಿಟ್ಟಿದ್ದು. ನನಗೂ ಹೆದರಿಕಿ ಆಗಿತ್ತು."

"ಯಾವ ವರ್ಷ?" ಎಂದ.

ಅಣಕಿಸುತ್ತಿದ್ದಾನೇನೋ ಎಂದು ಮುಖ ನೋಡಿದೆ. ಇಲ್ಲ, ನಿಜಕ್ಕೂ ಕೇಳುತ್ತಿದ್ದ. ನಾನು ವರ್ಷ ಹೇಳಿದೆ. ಅವನು ಹುಬ್ಬು ಗಂಟು ಹಾಕಿ ನೆನಪಿಸಿಕೊಳ್ಳಲು ನೋಡಿದ.

"ನನಗ ಆ ವರ್ಷಗಳು ಬಿಡಿಬಿಡಿ ನೆನಪಿಲ್ಲವ್ವಾ. ಎಲ್ಲಾ ಕೂಡಿ ಒಂದ ಆಗಿಬಿಟ್ಟಾವು. ಏನಂದಿದ್ದೆ ನಾ?"

ಹೇಳಿದೆ. ಅವನ ಮಾತಿನಲ್ಲೇ, ಒಂದು ಅಕ್ಷರ ಬಿಡದೆ ಹೇಳಿದೆ. ಇಷ್ಟು ವರ್ಷ ಅದನ್ನು ಎಷ್ಟು ಸಲ ಮನಸ್ಸಿನಲ್ಲಿ ಅಂದುಕೊಂಡಿದ್ದೆನೋ, ಬಾಯಿಪಾಠವಾಗಿತ್ತು. ಅಣ್ಣ ಯಾರದೋ ಸುದ್ದಿ ಕೇಳುವವನಂತೆ ಕೇಳಿದ.

"ಹಂಗ ಅಂದಿದ್ನೇನು?" ಎಂದ.

"ಅಂದಿದ್ದಿ."

"ಇರಬೇಕು," ಎಂದು ಅಂಗಿಯ ಮೇಲೆ ಬಿದ್ದ ಅಳ್ಳಿಟ್ಟಿನ ಪುಡಿ ಜಾಡಿಸಿಕೊಂಡು ಒಳಗೆ ಹೋದ.